ಇಷ್ಟೊಂದು ಉಪಗ್ರಹ ಇದ್ದರೂ ಶಿರೂರಿನ ಗುಡ್ಡ ಕುಸಿಯೋದು ಮೊದಲೇ ಯಾಕೆ ಗೊತ್ತಾಗಲಿಲ್ಲ?

ನೀವು ಕೇಳಿದ್ದು ಎರಡು ವಿಷಯ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತಲ್ಲ, ಉಪಗ್ರಹ ಯಾಕೆ ಎಚ್ಚರಿಸಲಿಲ್ಲ ಅಂತ. ಮತ್ತೆ ಇಂಥ ಚಿತ್ರಗಳನ್ನು ನಾವೇ ಮನೆಯಲ್ಲಿ ಕೂತು ನೋಡಬಹುದಾ ಅಂತ. ನಾನು ಕಾರವಾರದವನು, ನಕ್ಷೆ ಮಾಡೋದೇ ಹೊಟ್ಟೆಪಾಡು, ಗೊತ್ತಿರುವಷ್ಟು ಹೇಳುತ್ತೇನೆ.

ಸಮುದ್ರದ ವಿಷಯದಲ್ಲಿ ದೂರುವ ಹಾಗಿಲ್ಲ. ನಮ್ಮ ಹವಾಮಾನ ಉಪಗ್ರಹ ಇನ್ಸಾಟ್ ಸುಮಾರು 36,000 ಕಿಲೋಮೀಟರ್ ಮೇಲೆ ನಿಂತು ಅರ್ಧ ಗಂಟೆಗೊಂದು ಚಿತ್ರ ಕಳಿಸುತ್ತದೆ. ಚಂಡಮಾರುತ ಅಂದರೆ ನೂರಾರು ಕಿಲೋಮೀಟರ್ ಅಗಲದ ಮೋಡದ ಸುಳಿ, ಅದು ಕಣ್ಣು ತಪ್ಪಿಸಿಕೊಂಡು ಹೋಗೋದಾದರೂ ಎಲ್ಲಿಗೆ? 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಮೊದಲೇ ಸುದ್ದಿ ಸಿಕ್ಕಿತ್ತು, ಇಲ್ಲಿನ ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದು ನನಗೆ ಇನ್ನೂ ನೆನಪಿದೆ.

ಗುಡ್ಡದ ಕತೆ ಬೇರೆ. ಮಾಮೂಲಿ ಕ್ಯಾಮೆರಾ ಇರುವ ಉಪಗ್ರಹ ಮಳೆಗಾಲದಲ್ಲಿ ನಮಗೆ ದಂಡ. ಜುಲೈನಲ್ಲಿ ಶಿರಸಿಯ ಚಿತ್ರ ತೆಗೆದು ನೋಡಿ, ಅರಳೆ ಹಿಂಜಿ ಹರವಿದ ಹಾಗೆ ಬರೀ ಬಿಳಿ. ರೇಡಾರ್ ತಾನೇ ರೇಡಿಯೋ ಅಲೆ ಕಳಿಸಿ, ನೆಲಕ್ಕೆ ತಾಗಿ ವಾಪಸ್ ಬಂದದ್ದರಿಂದ ಚಿತ್ರ ಮಾಡುತ್ತದೆ, ಹಾಗಾಗಿ ಮೋಡ ದಾಟಿ ನೋಡುತ್ತದೆ, ನಿಜ. ಒಂದೇ ಜಾಗದ ಎರಡು ರೇಡಾರ್ ಚಿತ್ರ ಹೋಲಿಸಿದರೆ ನೆಲ ಒಂದು ಸೆಂಟಿಮೀಟರ್ ಜರುಗಿದ್ದೂ ಗೊತ್ತಾಗುತ್ತದೆ. ಆದರೆ ಯುರೋಪಿನ ಸೆಂಟಿನೆಲ್-1 ರೇಡಾರ್ ಉಪಗ್ರಹಗಳ ಜೋಡಿಯಲ್ಲಿ ಒಂದು 2021ರ ಡಿಸೆಂಬರ್‌ನಲ್ಲೇ ಕೆಟ್ಟಿತ್ತು, ಉಳಿದ ಒಂದು ಆಗ ಅದೇ ದಾರಿಗೆ ವಾಪಸ್ ಬರುತ್ತಿದ್ದುದು 12 ದಿನಕ್ಕೊಮ್ಮೆ, ಅದರ ಅಲೆಯ ಉದ್ದವೂ ಬರೀ ಐದೂವರೆ ಸೆಂಟಿಮೀಟರ್ ಆಸುಪಾಸು, ಹಾಗಾಗಿ ನಮ್ಮ ಘಟ್ಟದ ದಟ್ಟ ಕಾಡಿನಲ್ಲಿ ಎಲೆಗೇ ತಾಗಿ ವಾಪಸ್ಸಾಗುತ್ತದೆ. ಎಲೆ ಗಾಳಿಗೆ ಅಲ್ಲಾಡಿತಾ, ಕೆಳಗಿನ ಮಣ್ಣು ಜಾರಿತಾ, ಯಾರಿಗೆ ಗೊತ್ತು? ಅತ್ತ ಜಡಿಮಳೆಗೆ ನೆನೆದ ಗುಡ್ಡ ಕೆಲವೇ ಗಂಟೆಗಳಲ್ಲಿ ಕೆಳಗೆ ಬಂದುಬಿಡಬಹುದು. 2025ರ ಜುಲೈ 30ರಂದು ಹಾರಿದ ನಾಸಾ-ಇಸ್ರೋ ಜಂಟಿ ಉಪಗ್ರಹ ನೈಸಾರ್‌ನಲ್ಲಿ 24 ಸೆಂಟಿಮೀಟರ್ ಉದ್ದದ ಅಲೆಯ ರೇಡಾರ್ ಇದೆ, ಅದು ಎಲೆ ದಾಟಿ ನೆಲ ಮುಟ್ಟುತ್ತದೆ. ಆದರೆ ಅದೂ 12 ದಿನಕ್ಕೊಮ್ಮೆಯೇ. ತಿಂಗಳುಗಟ್ಟಲೆ ನಿಧಾನಕ್ಕೆ ಜರುಗುವ ಗುಡ್ಡಗಳನ್ನು ಅದರಿಂದ ಗುರುತು ಹಾಕಿಕೊಳ್ಳಬಹುದು. ನಾಳೆ ಬೆಳಿಗ್ಗೆ ಬೀಳೋದನ್ನು ಹೇಳಬೇಕಾದರೆ ಊರಲ್ಲೇ ಮಳೆಮಾಪಕ ಬೇಕು, ರಸ್ತೆ ನಿಲ್ಲಿಸುವ ಧೈರ್ಯ ಇರುವವರೂ ಬೇಕು. ಇನ್ನು ಹೆದ್ದಾರಿಗೆ ಗುಡ್ಡ ಕಡಿದಿದ್ದು ನೋಡಲು ಉಪಗ್ರಹ ಯಾಕೆ, ಬಸ್ಸಿನ ಕಿಟಕಿ ಸಾಕು!

ಬಿದ್ದ ಮೇಲಿನ ಕೆಲಸಕ್ಕೆ ಮಾತ್ರ ಒಳ್ಳೆಯ ಏರ್ಪಾಡಿದೆ. ದೊಡ್ಡ ವಿಪತ್ತಾದಾಗ ಬೇರೆ ಬೇರೆ ದೇಶದ ಬಾಹ್ಯಾಕಾಶ ಸಂಸ್ಥೆಗಳು ಚಿತ್ರಗಳನ್ನು ಪುಕ್ಕಟೆ ಕೊಡುವ ಅಂತರರಾಷ್ಟ್ರೀಯ ಒಪ್ಪಂದ 2000ದಿಂದ ಜಾರಿಯಲ್ಲಿದೆ, ಇಸ್ರೋ ಕೂಡ ಅದರಲ್ಲಿದೆ.

ಮನೆಯಲ್ಲಿ ನೋಡೋದಾದರೆ ಯುರೋಪಿನ ಉಪಗ್ರಹ ಚಿತ್ರ ತೋರಿಸುವ ಜಾಲತಾಣ ಕೋಪರ್ನಿಕಸ್ ಬ್ರೌಸರ್ ತೆರೆಯಿರಿ, ದುಡ್ಡು ಬೇಡ. ಸೆಂಟಿನೆಲ್-1 ಆರಿಸಿ ಮೇ ತಿಂಗಳ ಚಿತ್ರ, ಜುಲೈ ಚಿತ್ರ ಅಕ್ಕಪಕ್ಕ ಇಡಿ. ನಿಂತ ನೀರು ರೇಡಾರ್‌ಗೆ ಕನ್ನಡಿ ಇದ್ದಂತೆ, ಅಲೆಯನ್ನು ಆಚೆಗೆ ಚಿಮ್ಮಿಸುತ್ತದೆ, ಅದಕ್ಕೇ ಕಪ್ಪಾಗಿ ಕಾಣುತ್ತದೆ. ಆದರೆ ಕಪ್ಪು ಕಂಡ ಕೂಡಲೇ ನೆರೆ ಅಂದುಕೊಳ್ಳಬೇಡಿ. ಶುರುವಿನಲ್ಲಿ ನಾನು ಅಘನಾಶಿನಿ ನದಿ ದಂಡೆಯಲ್ಲಿ ದೊಡ್ಡ ಕಪ್ಪು ಹಾಸು ಕಂಡು, ಕುಮಟಾ ಕಡೆ ಇರುವ ಮಾವನಿಗೆ ಫೋನ್ ಮಾಡಿ ಮನೆಗೆ ನೀರು ಬಂತಾ ಅಂತ ಗಾಬರಿಯಲ್ಲಿ ಕೇಳಿದ್ದೆ.

"ಅದು ಗಜನಿ ಗದ್ದೆ ಮಾರಾಯಾ, ಹೊಳೆ ಅಂಚಿನ ತಗ್ಗು ಗದ್ದೆ," ಅಂದರು ಅವರು. "ಮಳೆಗಾಲದಲ್ಲಿ ಅಲ್ಲಿ ನೀರಿಲ್ಲದೆ ಮತ್ತೆಂತ ಇರ್ತದೆ?"