ಕೆನೆಲ್ ಕಫ್ ಲಸಿಕೆ: ಹಾಕಿಸಬೇಕಾ, ಬಿಡಬೇಕಾ?

ದಸರಾ, ದೀಪಾವಳಿ ರಜೆ ಹತ್ತಿರ ಬಂದ ಹಾಗೆ ನಾಯಿ ಸಾಕಿದವರ ಪತ್ರಗಳೂ ಜಾಸ್ತಿಯಾಗುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕೆನೆಲ್ ಕಫ್, ಅಂದರೆ ನಾಯಿಯಿಂದ ನಾಯಿಗೆ ಹರಡುವ ಕೆಮ್ಮಿನ ಬಗ್ಗೆಯೇ. ಹಾಗಾಗಿ ಬೆಕ್ಕು, ಗಿಳಿ ಸಾಕಿದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ಕಾಯಬೇಕು.

ಪ್ರಶ್ನೆ: ಡಾಕ್ಟ್ರೇ, ನಮ್ಮ ಬ್ರೂನೊ ಮೂರು ವರ್ಷದ ಲ್ಯಾಬ್ರಡಾರ್. ರೇಬೀಸ್, ಹಲವು ಕಾಯಿಲೆಗೆ ಒಂದೇ ಇಂಜೆಕ್ಷನ್ ಆಗಿ ಬರುವ ನೈನ್ ಇನ್ ಒನ್ ಎಲ್ಲ ಸರಿಯಾಗಿ ಹಾಕಿಸಿದ್ದೇವೆ. ದೀಪಾವಳಿಗೆ ಊರಿಗೆ ಹೋಗುವಾಗ ಅವನನ್ನು ನಾಯಿ ನೋಡಿಕೊಳ್ಳುವ ಬೋರ್ಡಿಂಗ್‌ನಲ್ಲಿ ಬಿಡಬೇಕು. ಕೆನೆಲ್ ಕಫ್ ಲಸಿಕೆ ಹಾಕಿಸಿದ ದಾಖಲೆ ಇಲ್ಲದಿದ್ದರೆ ಅವರು ಒಳಗೆ ಸೇರಿಸುವುದಿಲ್ಲವಂತೆ. ನಮ್ಮ ಮಾಮೂಲಿ ಡಾಕ್ಟರು ಮಾತ್ರ "ಅದೇನೂ ಕಡ್ಡಾಯ ಅಲ್ಲ" ಅಂದರು. ಯಾರ ಮಾತು ಕೇಳಲಿ? ಇದು ಸುಮ್ನೆ ದುಡ್ಡು ಮಾಡುವ ದಾರಿ ಅಲ್ವಾ?
ಎಸ್. ಆರ್., ಜಯನಗರ, ಬೆಂಗಳೂರು

ಉತ್ತರ: ಹಾಕಿಸಿ. ದುಡ್ಡಿನ ಅನುಮಾನ ಬಿಡಿ, ಇಲ್ಲಿ ಇಬ್ಬರೂ ಸರಿಯಾಗೇ ಹೇಳಿದ್ದಾರೆ. ನಿಮ್ಮ ಡಾಕ್ಟರು ಹೇಳಿದ್ದು ಎಲ್ಲ ನಾಯಿಗಳ ಲೆಕ್ಕದಲ್ಲಿ. ಬೋರ್ಡಿಂಗ್‌ನವರು ಹೇಳಿದ್ದು ಇಪ್ಪತ್ತು ನಾಯಿಗಳು ಒಂದೇ ಸೂರಿನಡಿ ಮಲಗುವ ತಮ್ಮ ಜಾಗದ ಲೆಕ್ಕದಲ್ಲಿ.

ಪಶುವೈದ್ಯರ ಜಾಗತಿಕ ಸಂಘವಾದ ಡಬ್ಲ್ಯೂಎಸ್‌ಎವಿಎ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಇದೇ ಇದೆ. ಡಿಸ್ಟೆಂಪರ್, ಪಾರ್ವೊ, ಅಡಿನೊವೈರಸ್ ಎಂಬ ವೈರಸ್ ಕಾಯಿಲೆಗಳ ಲಸಿಕೆಗಳು ಎಲ್ಲ ನಾಯಿಗೂ ಬೇಕೇ ಬೇಕು. ರೇಬೀಸ್ ಇರುವ ದೇಶಗಳಲ್ಲಿ ರೇಬೀಸ್ ಲಸಿಕೆ, ಇಲಿಜ್ವರ ಇರುವ ಕಡೆ ಲೆಪ್ಟೊಸ್ಪೈರಾ ಲಸಿಕೆ ಕೂಡ ಹಾಗೆಯೇ. ಕೆನೆಲ್ ಕಫ್ ಲಸಿಕೆ ಮಾತ್ರ ಆ ಪಟ್ಟಿಯಲ್ಲಿಲ್ಲ, ಅದು ನಾಯಿ ಬದುಕುವ ರೀತಿ ನೋಡಿ ಹಾಕುವಂಥದ್ದು. ಆದ್ದರಿಂದ ನಾನು ಕೇಳುವ ಪ್ರಶ್ನೆ ಒಂದೇ: ನಿಮ್ಮ ನಾಯಿಯ ಮೂಗು ಎಷ್ಟು ಬೇರೆ ನಾಯಿಗಳ ಮೂಗಿಗೆ ತಾಗುತ್ತದೆ? ಬೋರ್ಡಿಂಗ್, ಡೇ ಕೇರ್, ಗ್ರೂಮಿಂಗ್ ಸಲೂನ್, ಡಾಗ್ ಪಾರ್ಕ್, ಡಾಗ್ ಶೋ, ತರಬೇತಿ ಕ್ಲಾಸ್, ಇವುಗಳಲ್ಲಿ ಒಂದಕ್ಕಾದರೂ ಹೋಗುವ ನಾಯಿಗೆ ಹಾಕಿಸುವುದೇ ಒಳ್ಳೆಯದು.

ಕಾಯಿಲೆ ಏನು ಅಂತಲೂ ಹೇಳಿಬಿಡುತ್ತೇನೆ. ಇದು ಒಂದೇ ರೋಗಾಣುವಿನ ಕೆಲಸ ಅಲ್ಲ. ಬಾರ್ಡೆಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ ವೈರಸ್, ಅಡಿನೊವೈರಸ್ ಟೈಪ್ 2, ಮೈಕೊಪ್ಲಾಸ್ಮಾ, ನಾಯಿಗಳದ್ದೇ ಒಂದು ಕೊರೊನಾವೈರಸ್, ಹೀಗೆ ಒಂದು ಗುಂಪೇ ಇದೆ. ಮದುವೆ ಮನೆಯಿಂದ ನಾವು ಶೀತ ಹತ್ತಿಸಿಕೊಂಡು ಬರುತ್ತೇವಲ್ಲ, ಹಾಗೇ ಇದು. ಸಾಮಾನ್ಯವಾಗಿ ಸೋಂಕು ತಗುಲಿದ 2ರಿಂದ 14 ದಿನದೊಳಗೆ ಕೆಮ್ಮು ಶುರುವಾಗುತ್ತದೆ, ಅಂದರೆ ನೀವು ಊರಿಂದ ಬಂದು ನಾಯಿಯನ್ನು ಮನೆಗೆ ಕರೆದುಕೊಂಡು ಬಂದ ಮೇಲೆ. ಒಣ ಕೆಮ್ಮು, ಹಾರ್ನ್ ಹೊಡೆದಂಥ ಗಟ್ಟಿ ಸದ್ದು, ಕೊನೆಗೆ ಕತ್ತು ಚಾಚಿ ವಾಂತಿ ಮಾಡುವ ಹಾಗೆ ಹೊಟ್ಟೆ ಎಳೆದು ಒಂದಿಷ್ಟು ಬಿಳಿ ನೊರೆ ನೆಲಕ್ಕೆ ಹಾಕುತ್ತದೆ. ಆಮೇಲೆ ಏನೂ ಆಗದವರ ಹಾಗೆ ಬಾಲ ಅಲ್ಲಾಡಿಸಿಕೊಂಡು ಊಟದ ತಟ್ಟೆ ಕಡೆ ನಡೆಯುತ್ತದೆ. ಗಟ್ಟಿಮುಟ್ಟಾದ ನಾಯಿಗೆ ಒಂದರಿಂದ ಮೂರು ವಾರದಲ್ಲಿ ತಾನಾಗೇ ವಾಸಿಯಾಗುತ್ತದೆ. ಕಷ್ಟ ಆಗುವುದು ಮರಿಗಳಿಗೆ, ಮುದಿ ನಾಯಿಗಳಿಗೆ, ಮತ್ತೆ ಮೊದಲೇ ಉಸಿರಾಡಲು ಒದ್ದಾಡುವ ಪಗ್, ಶಿಟ್ಜು ಥರದ ಚಪ್ಪಟೆ ಮೂತಿಯ ನಾಯಿಗಳಿಗೆ. ಇವುಗಳಲ್ಲಿ ನ್ಯುಮೋನಿಯಾಕ್ಕೆ ತಿರುಗಬಹುದು.

ಈಗ ಯಾವ ಲಸಿಕೆ, ಯಾವಾಗ? ಮುಖ್ಯವಾಗಿ ಎರಡು ಬಗೆ ಇವೆ. ಒಂದು ಮೂಗಿಗೆ ಬಿಡುವುದು. ಮೂತಿ ಹಿಡಿದು ಒಂದು ಹೊಳ್ಳೆಯೊಳಗೆ ಅರ್ಧ ಎಂಎಲ್ಲಿಗೂ ಕಡಿಮೆ ದ್ರವ ಬಿಡುತ್ತಾರೆ, ನಾಯಿ ತಲೆ ಕೊಡವಿ ಸೀನಿ ಅರ್ಧವನ್ನು ಡಾಕ್ಟರ ಕನ್ನಡಕಕ್ಕೆ ಸಿಡಿಸುತ್ತದೆ. ಪರವಾಗಿಲ್ಲ, ಉಳಿದದ್ದು ಸಾಕಾಗುತ್ತದೆ. ಒಂದೇ ಡೋಸ್. ಬಾರ್ಡೆಟೆಲ್ಲಾ ವಿರುದ್ಧ 3 ದಿನದಲ್ಲೇ ಕೆಲಸ ಶುರುವಾಗುತ್ತದೆ, ಪ್ಯಾರಾಇನ್‌ಫ್ಲುಯೆಂಜಾಕ್ಕೆ ಮಾತ್ರ 3 ವಾರ ಬೇಕು. ಇನ್ನೊಂದು ಚರ್ಮದಡಿ ಕೊಡುವ ಇಂಜೆಕ್ಷನ್. ಮೊದಲ ಸಲ ಹಾಕಿಸುವುದಾದರೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಎರಡನೆಯದು ಆಗುವವರೆಗೆ ನಂಬಿ ಕೂರುವ ಹಾಗಿಲ್ಲ. ಎರಡಕ್ಕೂ ವರ್ಷಕ್ಕೊಮ್ಮೆ ಬೂಸ್ಟರ್.

ಮೂಗಿನದೇ ನನ್ನ ಆಯ್ಕೆ, ಯಾಕೆಂದರೆ ಕಾಯಿಲೆ ಒಳಗೆ ಬರುವ ಬಾಗಿಲಲ್ಲೇ ಅದು ಕಾವಲು ಹಾಕುತ್ತದೆ. ಹಬ್ಬಕ್ಕೆ ಮೂರು ನಾಲ್ಕು ವಾರ ಮುಂಚೆ ಹಾಕಿಸಿ. ಬಸ್ ಹತ್ತುವ ಹಿಂದಿನ ಸಂಜೆ ಓಡಿ ಹೋಗಿ ಹಾಕಿಸಿದರೆ ದಾಖಲೆ ಸಿಗುತ್ತದೆ ಅಷ್ಟೇ. ಜೊತೆಗೆ ಬೋರ್ಡಿಂಗ್‌ನವರಿಗೆ ನೀವೂ ಒಂದು ಪ್ರಶ್ನೆ ಕೇಳಿ: ಅಲ್ಲಿರುವ ನಾಯಿ ಕೆಮ್ಮಲು ಶುರು ಮಾಡಿದರೆ ಅದನ್ನು ಎಲ್ಲಿ ಬೇರೆ ಇಡುತ್ತೀರಿ? ಆ ಜಾಗ ತೋರಿಸಲು ತಡವರಿಸಿದರೆ ಬೇರೆ ಕಡೆ ನೋಡಿ.

ಪ್ರಶ್ನೆ: ನಮ್ಮದು ಕಾಫಿ ತೋಟ. ಕರಿಯ, ಕೆಂಚ ಅಂತ ಎರಡು ನಾಟಿ ನಾಯಿಗಳಿವೆ, ತೋಟ ಬಿಟ್ಟು ಎಲ್ಲೂ ಹೋಗುವುದಿಲ್ಲ. ಬೆಂಗಳೂರಿನಿಂದ ಬಂದ ಸೊಸೆ ಕೆನೆಲ್ ಕಫ್ ಲಸಿಕೆ ಹಾಕಿಸಲೇಬೇಕು ಅಂತ ಹಟ ಹಿಡಿದಿದ್ದಾಳೆ. ರೇಬೀಸ್ ಒಂದು ಬಿಟ್ಟು ಬೇರೆ ಏನೂ ಹಾಕಿಸಿಲ್ಲ.
ಕೆ. ಜಿ., ಸಕಲೇಶಪುರ

ಉತ್ತರ: ಸೊಸೆಯ ಕಾಳಜಿ ದೊಡ್ಡದು, ಆದರೆ ಬೇಕಾದ ಲಸಿಕೆ ಬೇರೆ. ನಿಮ್ಮ ಕರಿಯ, ಕೆಂಚರಿಗೆ ಇದು ಬೇಡ. ಆ ದುಡ್ಡಲ್ಲಿ ಮೊದಲು ಡಿಸ್ಟೆಂಪರ್, ಪಾರ್ವೊ ಮತ್ತು ಲೆಪ್ಟೊ ಸೇರಿರುವ ಲಸಿಕೆ ಹಾಕಿಸಿ. ಮಲೆನಾಡಿನ ಮಳೆ, ನಿಂತ ನೀರು, ಗೋದಾಮಿನ ಇಲಿ, ಇಷ್ಟಿದ್ದರೆ ಇಲಿಜ್ವರಕ್ಕೆ ಬೇರೆ ಆಹ್ವಾನ ಬೇಕಿಲ್ಲ. ನಾಯಿಗೆ ಬಂದರೆ ಅದರ ಮೂತ್ರದಿಂದ ಮನೆಯವರಿಗೂ ತೋಟದ ಕೆಲಸದವರಿಗೂ ಹರಡಬಹುದು. ಇನ್ನೊಂದು ವಿಷಯ, ಈ ಸೆವೆನ್ ಇನ್ ಒನ್, ನೈನ್ ಇನ್ ಒನ್ ಅನ್ನುವ ಲಸಿಕೆಗಳಲ್ಲಿ ಸಾಮಾನ್ಯವಾಗಿ ಅಡಿನೊ ಮತ್ತು ಪ್ಯಾರಾಇನ್‌ಫ್ಲುಯೆಂಜಾ ಎರಡೂ ಇರುತ್ತವೆ. ಅಂದರೆ ಸೊಸೆ ಕೇಳಿದ್ದರಲ್ಲಿ ಒಂದು ಪಾಲು ಹೇಗೂ ಸಿಕ್ಕಿತು, ಮನೆಯಲ್ಲಿ ಜಗಳ ಬೇಡ. ರೇಬೀಸ್ ಮಾತ್ರ ಯಾವ ವರ್ಷವೂ ತಪ್ಪಿಸಬೇಡಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು, ವಿಚಾರಿಸಿ.

ಪ್ರಶ್ನೆ: ಮೂಗಿಗೆ ಲಸಿಕೆ ಬಿಡಿಸಿ ಎರಡು ದಿನ ಆಯಿತು, ನಮ್ಮ ಚಿನ್ನು ಸೀನುತ್ತಲೇ ಇದ್ದಾಳೆ. ಮೂಗಲ್ಲಿ ನೀರು. ಲಸಿಕೆಯಿಂದಲೇ ಕಾಯಿಲೆ ಬಂತಾ? ನಮ್ಮಕ್ಕನ ನಾಯಿಗೆ ಲಸಿಕೆ ಹಾಕಿಸಿದ್ದರೂ ಹೋದ ವರ್ಷ ಕೆಮ್ಮು ಬಂದಿತ್ತು. ಹಾಗಾದರೆ ಹಾಕಿಸಿ ಏನು ಉಪಯೋಗ?
ಎಂ. ಪಿ., ದಾವಣಗೆರೆ

ಉತ್ತರ: ಮೂಗಿನ ಲಸಿಕೆಯಲ್ಲಿ ಇರುವುದು ಶಕ್ತಿಗುಂದಿಸಿದ ಜೀವಂತ ರೋಗಾಣು. ಹಾಗಾಗಿ ಕೆಲವು ದಿನ ಸೀನು, ಮೂಗಲ್ಲಿ ನೀರು, ಅಲ್ಪಸ್ವಲ್ಪ ಕೆಮ್ಮು ಸಹಜ. ಊಟ ಬಿಟ್ಟರೆ, ಜ್ವರ ಬಂದರೆ, ಉಸಿರು ಜೋರಾದರೆ ಮಾತ್ರ ಡಾಕ್ಟರಿಗೆ ತೋರಿಸಿ. ಸೀನು ನೋಡಿ ಗಾಬರಿಯಾಗಿ ನೀವೇ ಆಂಟಿಬಯಾಟಿಕ್ ಕೊಟ್ಟುಬಿಡಬೇಡಿ, ಅದು ಲಸಿಕೆಯ ಬ್ಯಾಕ್ಟೀರಿಯಾವನ್ನೇ ಕೊಂದು ಹಾಕಿದ ಲಸಿಕೆಯನ್ನು ವ್ಯರ್ಥ ಮಾಡುತ್ತದೆ.

ಅಕ್ಕನ ನಾಯಿಯ ವಿಷಯ: ಲಸಿಕೆ ಒಂದೋ ಎರಡೋ ರೋಗಾಣುವಿನ ವಿರುದ್ಧ, ಕೆಮ್ಮು ತರುವವು ಹಲವು. ಹಾಗಾಗಿ ಹಾಕಿಸಿದರೂ ಕೆಮ್ಮು ಬರಬಹುದು. ಆದರೆ ಸಾಮಾನ್ಯವಾಗಿ ಹಗುರವಾಗಿ ಬಂದು ಬೇಗ ಹೋಗುತ್ತದೆ. ಕೆಮ್ಮೇ ಬಾರದಂತೆ ತಡೆಯುತ್ತದೆ ಅಂತ ಯಾರಾದರೂ ಹೇಳಿ ಮಾರಿದ್ದರೆ ಅದು ಮಾರುವವರ ಮಾತು.

ಪ್ರಶ್ನೆ: ಅಮ್ಮನಿಗೆ ಕಿಮೋಥೆರಪಿ ನಡೆಯುತ್ತಿದೆ. ನಾಯಿ ಸದಾ ಅವರ ಕಾಲ ಬಳಿಯೇ ಮಲಗುತ್ತದೆ. ಈ ಲಸಿಕೆ ಹಾಕಿಸಿದರೆ ಅವರಿಗೆ ತೊಂದರೆ ಆಗುತ್ತದಾ?
ಹೆಸರು ಬೇಡ, ಮೈಸೂರು

ಉತ್ತರ: ಕೇಳಿದ್ದು ಬಹಳ ಒಳ್ಳೆಯದಾಯಿತು. ಮೂಗಿನ ಲಸಿಕೆ ಬೇಡ. ಹಾಕಿಸಿಕೊಂಡ ನಾಯಿ ಆ ಜೀವಂತ ಬ್ಯಾಕ್ಟೀರಿಯಾವನ್ನು ಕೆಲವು ವಾರ, ಆರು ವಾರದವರೆಗೂ, ಸೀನು ಜೊಲ್ಲಿನಲ್ಲಿ ಹೊರಗೆ ಹಾಕಬಹುದು. ಆರೋಗ್ಯವಾಗಿರುವವರಿಗೆ ಏನೂ ಆಗದು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, ಅಪರೂಪಕ್ಕೆ ಆದರೂ, ಅಪಾಯ ಇದೆ. ನಾಯಿ ಬೋರ್ಡಿಂಗ್‌ಗೆ ಹೋಗಲೇಬೇಕಾದರೆ ಇಂಜೆಕ್ಷನ್ ರೂಪದ್ದು ಸಿಗುತ್ತದಾ ಕೇಳಿ, ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದಿಲ್ಲ. ಹೋಗದಿದ್ದರೆ ಇನ್ನೂ ಒಳ್ಳೆಯದು. ಸದ್ಯಕ್ಕೆ ಪಾರ್ಕು, ಗ್ರೂಮಿಂಗ್ ಎಲ್ಲ ನಿಲ್ಲಿಸಿ, ಹಜಾಮತಿ ತಡವಾದರೆ ನಾಯಿ ಬೇಜಾರು ಮಾಡಿಕೊಳ್ಳುವುದಿಲ್ಲ. ಅಮ್ಮನ ಡಾಕ್ಟರಿಗೂ ಮನೆಯಲ್ಲಿ ನಾಯಿ ಇದೆ ಅಂತ ತಿಳಿಸಿರಿ.

ಪ್ರಶ್ನೆ: ನಮ್ಮ ಪಾಮೇರಿಯನ್‌ಗೆ ಹನ್ನೊಂದು ವರ್ಷ. ಎರಡು ತಿಂಗಳಿಂದ ರಾತ್ರಿ ಕೆಮ್ಮು. ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಈಗ ಕೆನೆಲ್ ಕಫ್ ಲಸಿಕೆ ಹಾಕಿಸಿದರೆ ಕಡಿಮೆ ಆಗುತ್ತದಾ?
ವಿ. ಬಿ., ಧಾರವಾಡ

ಉತ್ತರ: ಇಲ್ಲ. ಲಸಿಕೆ ಔಷಧಿ ಅಲ್ಲ, ಬಂದ ಕೆಮ್ಮನ್ನು ಅದು ಇಳಿಸುವುದಿಲ್ಲ. ಅದೂ ಅಲ್ಲದೆ ಎರಡು ತಿಂಗಳು ಎಳೆಯುವ ಕೆಮ್ಮು, ಹೊರಗೇ ಹೋಗದ ಮುದಿ ಪಾಮೇರಿಯನ್, ಇದು ಕೆನೆಲ್ ಕಫ್ ಥರ ಕಾಣುತ್ತಿಲ್ಲ. ಸಣ್ಣ ಜಾತಿಯ ವಯಸ್ಸಾದ ನಾಯಿಗಳಲ್ಲಿ ಹೃದಯದ ಕವಾಟ ಸಡಿಲವಾಗುವುದು, ಶ್ವಾಸನಾಳ ಚಪ್ಪಟೆಯಾಗುವುದು ಎರಡೂ ಮಾಮೂಲು. ಎದೆಯ ಎಕ್ಸ್‌ರೇ ಮಾಡಿಸಿ, ಹೃದಯ ಪರೀಕ್ಷೆ ಮಾಡಿಸಿ. ಕೆಮ್ಮುವಾಗ ಮೊಬೈಲಿನಲ್ಲಿ ಒಂದು ವಿಡಿಯೊ ತೆಗೆದುಕೊಳ್ಳಿ, ಕ್ಲಿನಿಕ್ಕಿಗೆ ಬಂದ ತಕ್ಷಣ ಈ ನಾಯಿಗಳು ಕೆಮ್ಮುವುದನ್ನೇ ಮರೆತುಬಿಡುತ್ತವೆ. ಕತ್ತಿನ ಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ಹಾಕಿ. ಇದನ್ನು ಈ ವಾರವೇ ಮಾಡಿ, ಮುಂದಕ್ಕೆ ಹಾಕಬೇಡಿ.

ಪ್ರಶ್ನೆ: ಮೊನ್ನೆ ನಮ್ಮ ಬೀದಿಯ ನಾಯಿ ಗಂಟಲಲ್ಲಿ ಮೂಳೆ ಸಿಕ್ಕಿದ ಹಾಗೆ ಮಾಡುತ್ತಿತ್ತು. ನಮ್ಮವರು ಬಾಯಿಗೆ ಕೈ ಹಾಕಿ ಹುಡುಕಿದರು, ಏನೂ ಇರಲಿಲ್ಲ. ಅದು ಕೆನೆಲ್ ಕಫ್ ಇರಬಹುದಾ?
ಎಸ್. ಶೆಟ್ಟಿ, ಉಡುಪಿ

ಉತ್ತರ: ಇರಬಹುದು. ಆದರೆ ರೇಬೀಸ್ ಕೂಡ ಶುರುವಿನಲ್ಲಿ ಹೀಗೇ ಕಾಣಬಹುದು. ದವಡೆ ಜೋತುಬಿದ್ದು, ನುಂಗಲಾಗದೆ, ಜೊಲ್ಲು ಸುರಿಸುವ ನಾಯಿಯನ್ನು ನೋಡಿ ಮೂಳೆ ಸಿಕ್ಕಿದೆ ಅಂತ ಕೈ ಹಾಕಿದವರು ಬಹಳ ಜನ. ನಿಮ್ಮವರು ಇವತ್ತೇ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ಹಾಗೇ ಹೇಳಲಿ, ಕೈಯಲ್ಲಿ ಸಣ್ಣ ತರಚು ಇದ್ದರೂ ಮುಚ್ಚಿಡಬಾರದು. ರೇಬೀಸ್ ಇಂಜೆಕ್ಷನ್ ಬೇಕಾ ಅಂತ ಅಲ್ಲಿಯ ಡಾಕ್ಟರು ನಿರ್ಧರಿಸುತ್ತಾರೆ. ಇನ್ನು ಮುಂದೆ ಹೀಗಾದರೆ ತಕ್ಷಣ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು. ನಾಯಿ ಈಗ ಹೇಗಿದೆ ಅಂತ ದೂರದಿಂದ ನೋಡಿ, ಹತ್ತಿರ ಹೋಗಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.

ಪ್ರಶ್ನೆ: ನಾಯಿಗೆ ಕೆನೆಲ್ ಕಫ್ ಆಗಿದೆ. ಮೊಮ್ಮಗನಿಗೆ ನಾಯಿಕೆಮ್ಮು ಬರುತ್ತದಾ?
ಒಬ್ಬ ಅಜ್ಜಿ, ತುಮಕೂರು

ಉತ್ತರ: ಬರುವುದಿಲ್ಲ ಅಜ್ಜಿ. ಮಕ್ಕಳ ನಾಯಿಕೆಮ್ಮಿನ ಬ್ಯಾಕ್ಟೀರಿಯಾ ಈ ಬಾರ್ಡೆಟೆಲ್ಲಾದ ದಾಯಾದಿ, ಆದರೆ ಅದು ಹರಡುವುದು ಮನುಷ್ಯರಿಂದ ಮನುಷ್ಯರಿಗೆ. ಅದಕ್ಕೆ ಅಂಗನವಾಡಿಯಲ್ಲಿ ಹಾಕುವ ಪೆಂಟಾವಲೆಂಟ್, ಡಿಪಿಟಿ ಲಸಿಕೆಗಳಿವೆ, ಮೊಮ್ಮಗನ ಕಾರ್ಡು ತೆಗೆದು ನೋಡಿ.

ಪ್ರಶ್ನೆ: ಕೆಮ್ಮುವ ನಾಯಿಗೆ ಮನೆಯಲ್ಲಿರುವ ಸಿರಪ್ ಕೊಡಬಹುದಾ?
ಆರ್., ಹುಬ್ಬಳ್ಳಿ

ಉತ್ತರ: ಬೇಡ. ನಮ್ಮ ಶೀತ, ಕೆಮ್ಮಿನ ಔಷಧಿಗಳಲ್ಲಿ ಪ್ಯಾರಾಸಿಟಮಾಲ್ ಇರಬಹುದು, ಸಕ್ಕರೆ ಇಲ್ಲದ್ದರಲ್ಲಿ ಕ್ಸೈಲಿಟಾಲ್ ಇರಬಹುದು. ಎರಡೂ ನಾಯಿಗೆ ವಿಷ. ಬಿಸಿನೀರು ಬಿಟ್ಟು ಹಬೆ ತುಂಬಿದ ಬಚ್ಚಲಲ್ಲಿ ಹತ್ತು ನಿಮಿಷ ಜೊತೆಗೆ ಕೂರಿಸಿಕೊಳ್ಳಿ, ಓಡಾಟ ಕಡಿಮೆ ಮಾಡಿಸಿ, ಕೆಮ್ಮು ನಿಂತ ಮೇಲೂ ಒಂದೆರಡು ವಾರ ಬೇರೆ ನಾಯಿಗಳ ಹತ್ತಿರ ಬಿಡಬೇಡಿ. ಊಟ ಬಿಟ್ಟರೆ ಅಥವಾ ಹಳದಿ ಹಸಿರು ಸಿಂಬಳ ಬಂದರೆ ಡಾಕ್ಟರಿಗೆ ತೋರಿಸಿ. ಹೋದಾಗ ನಾಯಿಯನ್ನು ಹೊರಗೇ ನಿಲ್ಲಿಸಿ ಮೊದಲು ನೀವು ಒಳಗೆ ಹೋಗಿ ಹೇಳಿ, ಲಸಿಕೆಗೆ ಬಂದ ಮರಿಗಳೆಲ್ಲ ಅದೇ ಬೆಂಚಿನ ಕೆಳಗೆ ಕೂತಿರುತ್ತವೆ.