ಒಬ್ಬೊಬ್ಬರೂ ಸರಿಯಾಗಿಯೇ ಯೋಚಿಸಿದರೂ ಗುಂಪಿನ ಬಹುಮತ ತನಗೆ ತಾನೇ ವಿರುದ್ಧವಾಗುವುದು ಹೇಗೆ?

ಬಹುಮತ ಒಂದೊಂದು ಪ್ರಶ್ನೆಯನ್ನೂ ಬಿಡಿಯಾಗಿ ಎಣಿಸುತ್ತದೆ. ಪ್ರಶ್ನೆಗಳ ನಡುವಿನ ಕೊಂಡಿಯನ್ನು ಅದು ನೋಡುವುದೇ ಇಲ್ಲ, ಅದಕ್ಕೇ ಹೀಗಾಗುತ್ತದೆ.

ಮಂಡ್ಯ ಕಡೆಯದೇ ಉದಾಹರಣೆ ಇಟ್ಟುಕೊಳ್ಳೋಣ. ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಪಾಲಿನ ಬೇಸಾಯ ಮಾಡುವ ಮೂವರು ಬೇಸಿಗೆಗೆ ಭತ್ತ ಹಾಕಬೇಕೇ ಎಂದು ಕೂತು ಮಾತಾಡುತ್ತಾರೆ. ನಾಲೆಗೆ ನೀರು ಬರಬೇಕು, ನಾಟಿಗೆ ಆಳು ಸಿಗಬೇಕು, ಎರಡೂ ಆದರೆ ಮಾತ್ರ ಭತ್ತ. ಇಷ್ಟಕ್ಕೆ ಮೂವರದೂ ಒಪ್ಪಿಗೆ. ಮೊದಲನೆಯವರು ‘ನೀರೂ ಬರುತ್ತೆ, ಆಳೂ ಸಿಗ್ತಾರೆ, ಹಾಕೋಣ’ ಎನ್ನುತ್ತಾರೆ. ಎರಡನೆಯವರು ‘ನೀರು ಬರುತ್ತೆ, ಆಳು ಸಿಗಲ್ಲ, ಬೇಡ’ ಎನ್ನುತ್ತಾರೆ. ಮೂರನೆಯವರು ‘ಆಳು ಸಿಗ್ತಾರೆ, ನೀರು ಬರಲ್ಲ, ಬೇಡ’ ಎನ್ನುತ್ತಾರೆ.

ಈಗ ಎಣಿಸಿ. ನೀರು ಬರುತ್ತದೆ ಎಂದವರು 2, ಆಳು ಸಿಗುತ್ತಾರೆ ಎಂದವರು 2, ಭತ್ತ ಬೇಡ ಎಂದವರೂ 2! ಯಾರ ತಲೆಯಲ್ಲೂ ಗೊಂದಲವಿಲ್ಲ. ಆದರೆ ಪ್ರತಿ ಸಲವೂ ಬಹುಮತ ಕಟ್ಟಿದ ಜೋಡಿ ಬೇರೆ ಬೇರೆ.

ಎಣಿಸುವ ರೀತಿ ಬದಲಿಸಿದರೆ ಸರಿಹೋದೀತೇ? ಎಲ್ಲರ ಮತಕ್ಕೂ ಒಂದೇ ಬೆಲೆ, ಪ್ರತಿ ಪ್ರಶ್ನೆಗೂ ಒಂದೇ ನಿಯಮ, ಯಾವ ಅಭಿಪ್ರಾಯಕ್ಕೂ ಅಡ್ಡಿಯಿಲ್ಲ ಎಂದಿಟ್ಟುಕೊಂಡರೆ ಈ ಇಕ್ಕಟ್ಟಿನಿಂದ ಯಾವಾಗಲೂ ಪಾರಾಗುವ ವಿಧಾನವೇ ಇಲ್ಲವೆಂದು ತತ್ವಶಾಸ್ತ್ರಜ್ಞರಾದ ಕ್ರಿಶ್ಚಿಯನ್ ಲಿಸ್ಟ್ ಮತ್ತು ಫಿಲಿಪ್ ಪೆಟಿಟ್ 2002ರಲ್ಲಿ ಸಾಧಿಸಿ ತೋರಿಸಿದರು. ಒಟ್ಟಾಗಿ ತೀರ್ಮಾನಿಸುವ ಕಂಪ್ಯೂಟರ್ ಪ್ರೋಗ್ರಾಂಗಳಿಗೂ ಇದು ಅನ್ವಯಿಸುತ್ತದೆ.

ಹಾಗಾಗಿ ಏನನ್ನಾದರೂ ಬಿಡಲೇಬೇಕು. ಕಾರಣಗಳಿಗೆ ಮಾತ್ರ ಮತ ಹಾಕಿದರೆ ಭತ್ತ, ಕೊನೆಯ ಪ್ರಶ್ನೆಗೆ ಮಾತ್ರ ಹಾಕಿದರೆ ಬೇಡ. ನನಗೆ ಮೊದಲನೆಯದೇ ಮೇಲು, ಯಾಕೆಂದರೆ ಕೇಳಿದವರಿಗೆ ಕಾರಣ ಹೇಳಬಹುದು. ಆದರೆ ಯಾವ ದಾರಿ ಎಂಬುದನ್ನು ಮತ ಎಣಿಸುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.