ಕಾರಿನ ಒಳಾಂಗಣ ವಿನ್ಯಾಸವನ್ನು ವೃತ್ತಿಯಾಗಿ ಆರಿಸಿಕೊಳ್ಳಬಹುದೇ?
ಚಿತ್ರ ಬರೆಯುವ ಕೈ ಚೆನ್ನಾಗಿದೆ, ಕಾರುಗಳ ಮೇಲೆ ಒಲವೂ ಇದೆ, ಹಾಗಾದರೆ ಒಳಾಂಗಣ ವಿನ್ಯಾಸವನ್ನು ವೃತ್ತಿಯಾಗಿ ನಂಬಿಕೊಳ್ಳಬಹುದೇ ಎಂದು ತಾವು ಕೇಳಿದ್ದೀರಿ. 12 ವರ್ಷಗಳಿಂದ ಇದೇ ಕೆಲಸದಲ್ಲಿರುವ ನನ್ನ ಉತ್ತರ, ನಂಬಿಕೊಳ್ಳಬಹುದು. ಆದರೆ ಆ ಕೈ ತಮ್ಮನ್ನು ಸ್ಟುಡಿಯೊದ ಬಾಗಿಲವರೆಗೆ ಮಾತ್ರ ಕರೆದೊಯ್ಯುತ್ತದೆ.

ಒಳಾಂಗಣದ ಅಳತೆಗಳು ಹುಟ್ಟುವುದು ಕುಳಿತ ಮನುಷ್ಯನ ಸೊಂಟದ ಕೀಲಿನಿಂದ. ಆ ಬಿಂದುವಿಗೆ ಎಚ್-ಪಾಯಿಂಟ್ ಎನ್ನುತ್ತೇವೆ. ಕಣ್ಣಿನ ಮಟ್ಟ, ಮೊಣಕಾಲಿನ ಜಾಗ, ಸ್ಟೀರಿಂಗ್‌ಗೆ ಕೈ ಎಟುಕುವ ದೂರ, ತಲೆಗೂ ಛಾವಣಿಗೂ ನಡುವಿನ ಅಂತರ, ಎಲ್ಲಕ್ಕೂ ಅದೇ ಆಧಾರ. ಅದೂ ಒಬ್ಬ ಸರಾಸರಿ ವ್ಯಕ್ತಿಗಾಗಿ ಲೆಕ್ಕ ಹಾಕಿದರೆ ಸಾಲದು, ಗಿಡ್ಡ ಹೆಂಗಸರಿಂದ ಹಿಡಿದು ಎತ್ತರದ ಗಂಡಸರವರೆಗೆ ಎಲ್ಲರಿಗೂ ಹೊಂದಬೇಕು.

ನನಗೆ ಮೊದಲು ಕೊಟ್ಟ ಕೆಲಸ ಬಾಗಿಲನ್ನು ಒಳಗಿನಿಂದ ಎಳೆದುಕೊಳ್ಳುವ ಹಿಡಿಕೆ, ಅಷ್ಟೇ. ಕಂಪ್ಯೂಟರ್ ಪರದೆಯ ಮೇಲೆ ಅದು ಬಹಳ ಚೆಲುವಾಗಿತ್ತು. ಮರ ಮತ್ತು ಫೋಮಿನಿಂದ ಮಾಡಿದ ಪೂರ್ಣ ಗಾತ್ರದ ಮಾದರಿಯಲ್ಲಿ ಗಿಡ್ಡಗಿದ್ದ ಸಹೋದ್ಯೋಗಿಯೊಬ್ಬರು ಸೀಟನ್ನು ಮುಂದಕ್ಕೆ ಸರಿಸಿಕೊಂಡು ಕುಳಿತಾಗ, ಹಿಡಿಕೆ ಅವರ ಮೊಣಕೈಗಿಂತ ಹಿಂದೆ ಉಳಿದು, ಬಾಗಿಲು ಎಳೆಯಲು ಮಣಿಕಟ್ಟನ್ನು ತಿರುಚಬೇಕಾಯಿತು. 40 ಮಿಲಿಮೀಟರ್ ಮುಂದಕ್ಕೆ ತರೋಣವೆಂದರೆ ಅಲ್ಲಿ ಸ್ಪೀಕರ್ ಕುಳಿತಿತ್ತು. ಆ ಜಾಗಕ್ಕಾಗಿ ಎಂಜಿನಿಯರುಗಳೊಂದಿಗೆ ಮೂರು ವಾರ ಚೌಕಾಸಿ ನಡೆಯಿತು. ಈ ವೃತ್ತಿಯ ಬಹುಪಾಲು ದಿನಗಳು ಹೀಗೆಯೇ ಕಳೆಯುತ್ತವೆ.

ಕಣ್ಣಿಗೆ ಕಾಣದ ಕಟ್ಟುಪಾಡುಗಳೂ ಬಹಳ. ಡ್ಯಾಶ್‌ಬೋರ್ಡಿನ ಮೇಲ್ಭಾಗ ಸಾಮಾನ್ಯವಾಗಿ ಕಡುಬಣ್ಣದ್ದಾಗಿರುವುದು ತಿಳಿಬಣ್ಣ ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ರಸ್ತೆ ಕಾಣದಂತೆ ಮಾಡುತ್ತದೆಂಬ ಕಾರಣಕ್ಕೆ. ತಲೆ ಬಡಿಯಬಹುದಾದ ಜಾಗದಲ್ಲಿ ಗಟ್ಟಿ ಅಂಚಿನ ದುಂಡುತನಕ್ಕೆ 2.5 ಮಿಲಿಮೀಟರಿಗಿಂತ ಕಡಿಮೆ ತ್ರಿಜ್ಯವಿರಬಾರದೆಂದು ಯುರೋಪಿನ ನಿಯಮ ಹೇಳುತ್ತದೆ. ಹಾಗಾಗಿ ಸ್ಕೆಚ್ಚಿನ ಚೂಪು ಗೆರೆಗಳು ಅಲ್ಲಿ ಉಳಿಯುವುದಿಲ್ಲ. ಪ್ಲಾಸ್ಟಿಕ್ ಭಾಗ ಅಚ್ಚಿನಿಂದ ಸಲೀಸಾಗಿ ಹೊರಬರಬೇಕೆಂದು ಗೋಡೆಗಳಿಗೆ ತುಸು ಓರೆ ಕೊಡಬೇಕಾಗುತ್ತದೆ.

ಕೆಲಸದಲ್ಲಿ ಕವಲುಗಳಿವೆ: ಆಕಾರ, ಕಂಪ್ಯೂಟರಿನಲ್ಲಿ ಮೇಲ್ಮೈ ತಿದ್ದುವುದು, ಡ್ಯಾಶ್‌ಬೋರ್ಡಿನ ಟಚ್ ಪರದೆಯ ವಿನ್ಯಾಸ, ಬಣ್ಣ ಮತ್ತು ಬಟ್ಟೆ. ಕೊನೆಯದನ್ನು ಅಲಂಕಾರವೆಂದು ಹಗುರವಾಗಿ ಕಾಣುವವರಿದ್ದಾರೆ, ಆದರೆ ಅದನ್ನೇ ನೆಚ್ಚಿ ವೃತ್ತಿ ಕಟ್ಟಿಕೊಂಡವರೂ ಇದ್ದಾರೆ. 1943ರಲ್ಲಿ ಜನರಲ್ ಮೋಟರ್ಸ್ ಸೇರಿದ ಹೆಲೆನ್ ರೋಥರ್ ಸೀಟಿನ ಬಟ್ಟೆ, ಬಣ್ಣ, ಬಾಗಿಲ ಹಿಡಿಕೆಗಳ ಕೆಲಸ ಮಾಡಿ, ಮುಂದೆ ಸ್ವಂತ ಸ್ಟುಡಿಯೊ ತೆರೆದು ನ್ಯಾಶ್ ಎಂಬ ಅಮೆರಿಕದ ಕಂಪನಿಯ ಕಾರುಗಳ ಒಳಾಂಗಣವನ್ನು ರೂಪಿಸಿದರು. ಪರದೆಯ ವಿಷಯಕ್ಕೆ ಬಂದರೆ, ಇಂಡಿಕೇಟರ್, ಹಾರ್ನ್, ವೈಪರ್‌ಗಳಂಥವಕ್ಕೆ ಪರದೆಯೊಳಗಲ್ಲದೆ ಕೈಗೆ ಸಿಗುವ ಪ್ರತ್ಯೇಕ ಗುಂಡಿ ಅಥವಾ ಕಡ್ಡಿ ಇರಬೇಕೆಂದು, ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಯುರೋಪಿನ ಸಂಸ್ಥೆಯಾದ ಯೂರೋ ಎನ್‌ಕ್ಯಾಪ್ 2026ರಿಂದ ಅಂಕ ನೀಡುವಾಗ ಪರಿಗಣಿಸುತ್ತದೆ. ತಡವಾಗಿಯಾದರೂ ಬಂದ ಬುದ್ಧಿ ಎಂಬುದು ನನ್ನ ಅನಿಸಿಕೆ.

ಒಂದು ಕಾರು ರಸ್ತೆಗಿಳಿಯಲು ಮೂರು-ನಾಲ್ಕು ವರ್ಷ ಹಿಡಿಯುವುದುಂಟು; ಅಷ್ಟರವರೆಗೆ ಮಾಡಿದ್ದನ್ನು ಹೊರಗೆ ತೋರಿಸುವಂತಿಲ್ಲ, ಎಷ್ಟೋ ಪ್ರಸ್ತಾವಗಳು ಅರ್ಧದಲ್ಲೇ ನಿಲ್ಲುತ್ತವೆ. ಇದನ್ನು ತಾಳಿಕೊಳ್ಳಬಲ್ಲಿರಾದರೆ ವಾಹನ ವಿನ್ಯಾಸದ ಪದವಿಗೆ ಸೇರಿ, ಪೋರ್ಟ್‌ಫೋಲಿಯೊ ಸಿದ್ಧಪಡಿಸಿಕೊಳ್ಳಿ. ಅದರಲ್ಲಿ ಹತ್ತು ಹೊಳಪಿನ ಚಿತ್ರಗಳಿಗಿಂತ, ರಟ್ಟಿನಲ್ಲಾದರೂ ಸರಿ, ಪೂರ್ಣ ಗಾತ್ರದಲ್ಲಿ ಕಟ್ಟಿದ ಒಂದು ಡ್ಯಾಶ್‌ಬೋರ್ಡಿನ ಎದುರು ಎತ್ತರದವರನ್ನೂ ಗಿಡ್ಡಗಿನವರನ್ನೂ ಕೂರಿಸಿ ತೆಗೆದ ಫೋಟೊಗಳೂ, ಆಮೇಲೆ ತಾವು ಏನನ್ನು ಬದಲಿಸಿದಿರಿ ಎಂಬ ಟಿಪ್ಪಣಿಯೂ ಇರಲಿ. ಅರ್ಜಿಗಳನ್ನು ನೋಡಲು ಕುಳಿತಾಗ ನಾನು ಮೊದಲು ಹುಡುಕುವುದು ಆ ಟಿಪ್ಪಣಿಯನ್ನು.